ರೈಫಲ್ಲಿನ ಸೊನ್ನೆಯನ್ನು ನಾನು 300 ಮೀಟರಿನಿಂದ 100 ಮೀಟರಿಗೆ ತಂದದ್ದು

ಸೇನೆಯಲ್ಲಿ 24 ವರ್ಷ ಸೇವೆ ಸಲ್ಲಿಸಿ ಬೆಳಗಾವಿಗೆ ಮರಳಿದವನು ನಾನು. ಹುಟ್ಟೂರು ಬೈಲಹೊಂಗಲ ತಾಲ್ಲೂಕಿನದು. ಸೇವೆಯ ಕೊನೆಯ ಏಳು ವರ್ಷ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ ರೈಫಲ್ಲಿನಿಂದ ದೂರದ ಗುರಿಗೆ ಹೊಡೆಯುವ ಸ್ಪರ್ಧೆಗಳಲ್ಲಿ ನಮ್ಮ ತಂಡದ ಪರವಾಗಿ ಭಾಗವಹಿಸಿದ್ದೇನೆ. ಈಗ ಇಲ್ಲಿನ ಹುಡುಗರಿಗೆ .22 ರೈಫಲ್ಲಿನ ಅಭ್ಯಾಸ ಮಾಡಿಸುವಾಗ, ಸ್ಕೋಪನ್ನು ಎಷ್ಟು ದೂರಕ್ಕೆ ಝೀರೋ ಮಾಡಬೇಕೆಂದು, ಅಂದರೆ ಯಾವ ದೂರದಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ತಾಗುವಂತೆ ಹೊಂದಿಸಿ ಅದನ್ನೇ ಸೊನ್ನೆ ಎಂದು ಹಿಡಿಯಬೇಕೆಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಬಹಳ ವರ್ಷ ತಪ್ಪು ಉತ್ತರವನ್ನೇ ಸರಿಯೆಂದು ನಂಬಿದ್ದೆ. ಅದು ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸಿಪಾಯಿಯಾಗಿ ನಾನು ಕಲಿತದ್ದು 300 ಮೀಟರಿನ ಝೀರೋ. ಕಾದಾಟದಲ್ಲಿ ಅದಕ್ಕೆ ಅರ್ಥವಿದೆ. ಎದುರಿಗಿರುವವನು 80 ಮೀಟರಿನಲ್ಲಿರಲಿ, 280 ಮೀಟರಿನಲ್ಲಿರಲಿ, ದೂರ ಲೆಕ್ಕ ಹಾಕುತ್ತಾ ಕೂರುವ ಸಮಯವಿರುವುದಿಲ್ಲ. ಮೈಯ ನಡುವಿಗೆ ಗುರಿಯಿಟ್ಟರೆ ಗುಂಡು ಒಂದು ಗೇಣು ಮೇಲೆ ಅಥವಾ ಕೆಳಗೆ ಹೋದರೂ ತಾಗಿಯೇ ತಾಗುತ್ತದೆ. ಆ ಅಭ್ಯಾಸವನ್ನೇ ಹೊತ್ತುಕೊಂಡು ನಾನು ಸ್ಪರ್ಧೆಗೆ ಹೋದೆ. ಕೈಯಲ್ಲಿದ್ದದ್ದು .308 ವಿಂಚೆಸ್ಟರ್ ಕಾಡತೂಸಿನ ಬೋಲ್ಟ್ ರೈಫಲ್, 175 ಗ್ರೇನ್ ತೂಕದ ಗುಂಡು, ನಳಿಗೆಯ ಬಾಯಿಯಲ್ಲಿ ಸೆಕೆಂಡಿಗೆ ಸುಮಾರು 790 ಮೀಟರ್ ವೇಗ.

ಅಂದಿನ ಒಂದು ಸುತ್ತಿನಲ್ಲಿ 170, 260, 340, 450 ಮತ್ತು 600 ಮೀಟರ್ ದೂರದಲ್ಲಿ ಐದು ಉಕ್ಕಿನ ಹಲಗೆಗಳಿದ್ದವು. ಹತ್ತಿರದ ಎರಡು ಹಲಗೆಗಳ ಅಗಲ ಎತ್ತರ 20 ಸೆಂಟಿಮೀಟರ್ ಮಾತ್ರ. ಐದಕ್ಕೂ ಸೇರಿ ಕೊಟ್ಟ ಸಮಯ 90 ಸೆಕೆಂಡು. 300ಕ್ಕೆ ಝೀರೋ ಮಾಡಿದ ಆ ರೈಫಲ್ಲಿನ ಗುಂಡು 170 ಮೀಟರಿನಲ್ಲಿ ನೋಟದ ಗೆರೆಗಿಂತ (ಸ್ಕೋಪಿನಿಂದ ಗುರಿಗೆ ಹೋಗುವ ನೇರ ಗೆರೆಗಿಂತ) ಸುಮಾರು 20 ಸೆಂಟಿಮೀಟರ್ ಮೇಲೆ ಹೋಗುತ್ತದೆ, 260ರಲ್ಲಿ ಸುಮಾರು 10 ಸೆಂಟಿಮೀಟರ್ ಮೇಲೆ. ಆದ್ದರಿಂದ ಮೊದಲ ಹಲಗೆಗೆ ಟರೆಟ್ಟನ್ನು, ಅಂದರೆ ಗುಂಡು ತಾಗುವ ಎತ್ತರವನ್ನು ಹೊಂದಿಸುವ ಸ್ಕೋಪಿನ ತಿರುಗುಗುಬ್ಬಿಯನ್ನು, ಕೆಳಕ್ಕೆ ತಿರುಗಿಸಬೇಕಿತ್ತು. ಆದರೆ ಸ್ಕೋಪಿನಲ್ಲಿ ಝೀರೋ ಸ್ಟಾಪ್ ಎಂಬ ತಡೆ ಇತ್ತು. ಸೊನ್ನೆಗಿಂತ ಕೆಳಗೆ ಟರೆಟ್ ಹೋಗುತ್ತಿರಲಿಲ್ಲ. ಹಲಗೆಯ ಕೆಳಗೆ ಗುರಿ ಹಿಡಿದು ಹೊಡೆಯಬೇಕೆಂಬುದು ನನಗೆ ಗೊತ್ತಿತ್ತು. ಆದರೂ ಗಡಿಯಾರ ಓಡುತ್ತಿದ್ದಾಗ ಕಣ್ಣು ತಾನಾಗಿಯೇ ಹಲಗೆಯ ನಡುವಿಗೆ ಹೋಯಿತು. ಎರಡು ಹಲಗೆಗಳ ಮೇಲಿಂದಲೂ ಗುಂಡು ಹಾರಿಹೋಯಿತು. ಅದರ ಗಾಬರಿಯಲ್ಲಿ 450ರ ಹಲಗೆಗೆ ಹಾಕಬೇಕಾದ ಲೆಕ್ಕವೂ ತಪ್ಪಿತು. ದೂರದ 600ರ ಹಲಗೆಗೆ ಹೊಡೆದು, ಹತ್ತಿರದ 170ನ್ನು ಕಳೆದುಕೊಂಡವನು ಆ ಸಾಲಿನಲ್ಲಿ ನಾನೊಬ್ಬನೇ.

ಅಂದು ಸಂಜೆ ನಮ್ಮ ಉಸ್ತಾದರು ನನ್ನ ನೋಟ್‌ಬುಕ್ ತೆಗೆದುಕೊಂಡು ಒಂದೇ ಮಾತು ಕೇಳಿದರು: “ನೀನು ಲೆಕ್ಕ ಶುರು ಮಾಡೋದು ಎಲ್ಲಿಂದ?” ನಾನು “ಮುನ್ನೂರರಿಂದ, ಉಸ್ತಾದ್” ಎಂದೆ. “ಹಾಗಾದರೆ ಮುನ್ನೂರರ ಒಳಗೆ ಕಳೆಯಬೇಕು, ಹೊರಗೆ ಕೂಡಬೇಕು. ಹೊಡೆಯುವ ಹೊತ್ತಿಗೆ ಎರಡೂ ಯಾಕೆ ಬೇಕು?” ಎಂದರು. ಆ ಪ್ರಶ್ನೆಯನ್ನು ನಾನು ರಜೆಗೆ ಊರಿಗೆ ಬಂದಾಗಲೂ ತಲೆಯಲ್ಲಿಟ್ಟುಕೊಂಡೇ ತಿರುಗಿದೆ.

ಝೀರೋ ಎಂದರೆ ಏನೆಂಬುದನ್ನು ಆಗ ಮೊದಲಿನಿಂದ ಯೋಚಿಸಿದೆ. ಸ್ಕೋಪಿನ ನಡುಗೆರೆ ನಳಿಗೆಯ ನಡುಗೆರೆಗಿಂತ ಸುಮಾರು 5 ಸೆಂಟಿಮೀಟರ್ ಮೇಲಿರುತ್ತದೆ. ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಬೀಳತೊಡಗುತ್ತದೆ. ಆದ್ದರಿಂದ ನಳಿಗೆಯನ್ನು ನೋಟದ ಗೆರೆಗೆ ಹೋಲಿಸಿದರೆ ತುಸು ಮೇಲ್ಮುಖವಾಗಿ ಇಡುತ್ತೇವೆ. ಗುಂಡು ಕೆಳಗಿನಿಂದ ಏರಿ ನೋಟದ ಗೆರೆಯನ್ನು ದಾಟಿ, ಮತ್ತೆ ಇಳಿದು ಅದನ್ನು ಎರಡನೆಯ ಸಲ ದಾಟುತ್ತದೆ. ನಾವು ಝೀರೋ ದೂರ ಎನ್ನುವುದು ಆ ಎರಡನೆಯ ಸಲ ದಾಟುವ ಜಾಗವನ್ನು. 300 ಮೀಟರಿನ ಝೀರೋದಲ್ಲಿ ಗುಂಡು ನಡುವೆ ದೊಡ್ಡ ಕಮಾನಿನಂತೆ ಎದ್ದು ಇಳಿಯುತ್ತದೆ. 200 ಮೀಟರಿನ ಝೀರೋದಲ್ಲಿ 100ರಲ್ಲಿ ಸುಮಾರು 7 ಸೆಂಟಿಮೀಟರ್ ಮೇಲೆ, 300ರಲ್ಲಿ ಸುಮಾರು 30 ಸೆಂಟಿಮೀಟರ್ ಕೆಳಗೆ ಇರುತ್ತದೆ. ಆದರೆ 100 ಮೀಟರಿನ ಝೀರೋದಲ್ಲಿ ಕಮಾನೇ ಇಲ್ಲವೆನ್ನಬಹುದು: ಈ ಗುಂಡು ಸುಮಾರು 50 ಮೀಟರಿನಿಂದ 110 ಮೀಟರಿನವರೆಗೆ ನೋಟದ ಗೆರೆಯನ್ನು ಸವರಿಕೊಂಡೇ ಸಾಗುತ್ತದೆ, ಮೇಲಾಗಲಿ ಕೆಳಗಾಗಲಿ ಅರ್ಧ ಸೆಂಟಿಮೀಟರಿನ ಆಚೀಚೆ ಮಾತ್ರ. ಆ ಜಾಗದ ಹೊರಗೆ ಗುಂಡು ಇಳಿಯುವುದೊಂದೇ, ಟರೆಟ್ ಏರುವುದೊಂದೇ. ಕಳೆಯುವ ಲೆಕ್ಕ ಇಲ್ಲವೇ ಇಲ್ಲ. ಝೀರೋ ಸ್ಟಾಪ್ ಕೂಡ ಶತ್ರುವಾಗುವ ಬದಲು ಮಿತ್ರನಾಗುತ್ತದೆ. ಕತ್ತಲಲ್ಲಾದರೂ ಟರೆಟ್ಟನ್ನು ತಡೆಗೆ ತಾಗುವವರೆಗೆ ತಿರುಗಿಸಿದರೆ ನಾನು ಎಲ್ಲಿದ್ದೇನೆಂದು ಬೆರಳಿಗೇ ತಿಳಿಯುತ್ತದೆ. ನಮ್ಮ ಅಭ್ಯಾಸದ ಒಂದು ಹಳೆಯ ಮೈದಾನದಲ್ಲಿ ಗೂಟಗಳನ್ನು ಗಜದ ಲೆಕ್ಕದಲ್ಲಿ ನೆಟ್ಟಿದ್ದರು. 100 ಗಜ ಎಂದರೆ 91.4 ಮೀಟರ್. ಆದರೂ ಅಲ್ಲಿ ಮಾಡಿದ ಝೀರೋ 100 ಮೀಟರಿನ ಹಲಗೆಯಲ್ಲಿ ಕೆಡಲಿಲ್ಲ. ಕಾರಣ ಮೇಲೆ ಹೇಳಿದ್ದೇ.

ನನ್ನ ಮನಸ್ಸನ್ನು ಪೂರ್ತಿ ಬದಲಿಸಿದ್ದು ಮಾತ್ರ ಹವೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಜನವರಿಯ ಬೆಳಗಿನ ಜಾವ ಇಲ್ಲಿ ಕೈ ಮರಗಟ್ಟುವ ಚಳಿ ಇರುತ್ತದೆ. ನಾವು ಸ್ಪರ್ಧೆಗೆ ಹೋಗುತ್ತಿದ್ದ ಉತ್ತರದ ಮೈದಾನಗಳಲ್ಲಿ ಮೇ ತಿಂಗಳಿನ ಮಧ್ಯಾಹ್ನ 40 ಡಿಗ್ರಿ ದಾಟಿರುತ್ತದೆ. ಬಿಸಿಲಿನಲ್ಲಿ ಕಾಡತೂಸಿನ ಮದ್ದು ಕಾದರೆ ಗುಂಡಿನ ವೇಗ ಹೆಚ್ಚುತ್ತದೆ. ವೇಗ ಸೆಕೆಂಡಿಗೆ 15 ಮೀಟರ್ ಹೆಚ್ಚಿತೆಂದು ಇಟ್ಟುಕೊಳ್ಳೋಣ. 100 ಮೀಟರಿನಲ್ಲಿ ಅದರಿಂದಾಗುವ ವ್ಯತ್ಯಾಸ ಸುಮಾರು 3 ಮಿಲಿಮೀಟರ್. ಹಲಗೆಯ ಮೇಲೆ ಅದನ್ನು ಗುರುತಿಸುವುದೂ ಸಾಧ್ಯವಿಲ್ಲ. 300 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್, ಅಂದರೆ 0.1 ಮಿಲ್ (ಒಂದು ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಭಾಗದಷ್ಟು ಸರಿಯುವ ಕೋನ) ಟರೆಟ್ಟಿನ ಒಂದು ಕ್ಲಿಕ್. 600ರಲ್ಲಿ ಸುಮಾರು 15 ಸೆಂಟಿಮೀಟರ್. 300ಕ್ಕೆ ಝೀರೋ ಮಾಡಿದವನ ಸೊನ್ನೆಯೇ ಊರಿನಿಂದ ಊರಿಗೆ ಒಂದು ಕ್ಲಿಕ್ ಸರಿಯುತ್ತದೆ ಎಂದಾಯಿತು. ತಪ್ಪು ಸೊನ್ನೆಯಲ್ಲಿದೆಯೋ, ಯಾವ ದೂರಕ್ಕೆ ಟರೆಟ್ ಎಷ್ಟು ಏರಿಸಬೇಕೆಂದು ಬರೆದಿಟ್ಟ ಕೋಷ್ಟಕದಲ್ಲಿದೆಯೋ, ತನ್ನ ಕೈಯಲ್ಲಿದೆಯೋ ಎಂದು ಅವನು ಹುಡುಕುತ್ತಲೇ ಇರಬೇಕು. 100 ಮೀಟರಿನ ಸೊನ್ನೆ ಬೆಳಗಾವಿಯ ಚಳಿಯಲ್ಲಿ ಎಲ್ಲಿತ್ತೋ ಉತ್ತರದ ಬಿಸಿಲಿನಲ್ಲೂ ಅಲ್ಲೇ ಇರುತ್ತದೆ. ಹವೆ ಬದಲಾದದ್ದಕ್ಕೆ ತಿದ್ದಬೇಕಾದದ್ದು ಕೋಷ್ಟಕವನ್ನು ಮಾತ್ರ.

ಗಾಳಿಯ ವಿಷಯವೂ ಹಾಗೆಯೇ. ಸೆಕೆಂಡಿಗೆ ನಾಲ್ಕೂವರೆ ಮೀಟರಿನ ಅಡ್ಡಗಾಳಿ ಈ ಗುಂಡನ್ನು 100 ಮೀಟರಿನಲ್ಲಿ ಸುಮಾರು 2 ಸೆಂಟಿಮೀಟರ್ ತಳ್ಳಿದರೆ 300ರಲ್ಲಿ ಸುಮಾರು 20 ಸೆಂಟಿಮೀಟರ್ ತಳ್ಳುತ್ತದೆ. ಪಡುವಣದಿಂದ, ಸಹ್ಯಾದ್ರಿಯ ಕಡೆಯಿಂದ ಬೀಸುವ ಗಾಳಿಯಲ್ಲಿ ನಿಂತು 300ರಲ್ಲಿ ಝೀರೋ ಮಾಡುವವನು ಅಂದಿನ ಗಾಳಿಯನ್ನೇ ಸ್ಕೋಪಿನೊಳಗೆ ಬೀಗ ಹಾಕಿಟ್ಟಂತೆ. ನಾನು ನಾಲ್ಕೈದು ಸಲ ಹಾಗೆ ಮಾಡಿದ್ದೇನೆ. ಈಗ ಝೀರೋ ಮಾಡುವುದು ಸೂರ್ಯ ಮೇಲೇರುವ ಮೊದಲು, ಹುಲ್ಲಿನ ತುದಿ ಅಲುಗದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಬಿಸಿಲ್ಗುದುರೆಯೂ ಇರುವುದಿಲ್ಲ, ಆದ್ದರಿಂದ ಹಲಗೆಯ ಅಂಚು ಸ್ಕೋಪಿನಲ್ಲಿ ನಡುಗದೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ 100 ಮೀಟರಿನ ಝೀರೋಗೆ ಒಂದು ಬಲವಾದ ಆಕ್ಷೇಪವಿದೆ. ನಮ್ಮ ತಂಡದ ಹಿರಿಯ ಶೂಟರೊಬ್ಬರು ಅದನ್ನು ಬಿಡದೆ ಹೇಳುತ್ತಿದ್ದರು. ಹತ್ತಿರದಲ್ಲಿ ಅರ್ಧ ಸೆಂಟಿಮೀಟರಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದೇ ತಪ್ಪು 600ರಲ್ಲಿ 3 ಸೆಂಟಿಮೀಟರ್, 1000ದಲ್ಲಿ 5 ಸೆಂಟಿಮೀಟರ್ ಆಗುತ್ತದೆ ಎಂಬುದು ಅವರ ಮಾತು. ಮಾತು ನಿಜ. ಹಾಗೆಂದು ಸೊನ್ನೆಯನ್ನು ದೂರಕ್ಕೆ ಒಯ್ದರೆ ಹವೆ ಮತ್ತು ಗಾಳಿಯ ತೊಡಕು ಮತ್ತೆ ಬರುತ್ತದೆ. ನಾನು ಹಿಡಿದ ದಾರಿ ಬೇರೆ: ಸೊನ್ನೆಯನ್ನು 100ರಲ್ಲೇ ಇಟ್ಟು, ಗುಂಡುಗಳ ಸಂಖ್ಯೆ ಹೆಚ್ಚಿಸಿದೆ. ಮೊದಲು ಮೂರು ಗುಂಡು ಹೊಡೆದು, ಅವುಗಳ ನಡುವನ್ನು ನೋಡಿ, ಟರೆಟ್ ತಿರುಗಿಸಿ ಎದ್ದು ಬರುತ್ತಿದ್ದೆ. ಒಂದೊಂದು ಗುಂಡು ನಡುವಿನಿಂದ ಸರಾಸರಿ ಒಂದು ಸೆಂಟಿಮೀಟರ್ ಚದುರುವ ರೈಫಲ್ಲಿನಲ್ಲಿ ಮೂರು ಗುಂಡಿನ ನಡುಬಿಂದು ನಿಜವಾದ ಜಾಗದಿಂದ ಸುಮಾರು 6 ಮಿಲಿಮೀಟರ್ ಆಚೀಚೆ ಇರಬಹುದು. ಹತ್ತು ಗುಂಡಾದರೆ ಅದು ಸುಮಾರು 3 ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ ಈಗ ಒಂದು ದಿನ ಐದು, ಮರುದಿನ ಐದು ಹೊಡೆದು, ಹತ್ತನ್ನೂ ಒಂದೇ ಕಾಗದದ ಮೇಲೆ ಗುರುತಿಸಿಕೊಂಡು, ಅಳೆದು, ಆಮೇಲೆ ಟರೆಟ್ಟಿಗೆ ಕೈ ಹಾಕುತ್ತೇನೆ. ಎರಡು ದಿನ ಯಾಕೆಂದರೆ, ಮಲಗಿದ ಭಂಗಿ, ಕೆನ್ನೆ ಒತ್ತುವ ಜಾಗ, ಹೆಗಲಿನ ಬಿಗಿ ಒಂದೇ ದಿನದಲ್ಲಿ ಒಂದೇ ತೆರನಾಗಿರುತ್ತವೆ; ಮರುದಿನ ಎದ್ದು ಬಂದಾಗ ಬದಲಾಗುತ್ತವೆ. ತಣ್ಣಗಿನ ನಳಿಗೆಯ ಮೊದಲ ಗುಂಡನ್ನು ಬೇರೆ ಬಣ್ಣದಲ್ಲಿ ಗುರುತಿಸುತ್ತೇನೆ, ಆದರೆ ಲೆಕ್ಕದಿಂದ ಕೈಬಿಡುವುದಿಲ್ಲ. ಸ್ಪರ್ಧೆಯಲ್ಲಿ ಅದೂ ಎಣಿಕೆಗೆ ಬರುತ್ತದೆ.

ಸೊನ್ನೆ ನಿಂತ ಮೇಲೆ ಟರೆಟ್ ಹೇಳುವುದು ನಿಜವೇ ಎಂದು ನೋಡಬೇಕು. ಮಿಲ್ ಲೆಕ್ಕದಲ್ಲಿ 100 ಮೀಟರಿನಲ್ಲಿ ಒಂದು ಮಿಲ್ ಎಂದರೆ 10 ಸೆಂಟಿಮೀಟರ್. ಒಂದೂವರೆ ಮೀಟರ್ ಎತ್ತರದ ಹಲಗೆಯ ಮೇಲೆ ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು ಇಳಿಬಿಟ್ಟು ನೇರ ಗೆರೆ ಎಳೆದೆ. ಕೆಳಗಿನ ಚುಕ್ಕೆಗೇ ಗುರಿಯಿಟ್ಟು, ಟರೆಟ್ಟನ್ನು 10 ಮಿಲ್ ಏರಿಸಿ ಐದು ಗುಂಡು ಹೊಡೆದೆ. ಗುಂಪಿನ ನಡು ಚುಕ್ಕೆಯಿಂದ ಸರಿಯಾಗಿ 100 ಸೆಂಟಿಮೀಟರ್ ಮೇಲಿರಬೇಕು. ನನ್ನದು 98 ಬಂತು. ಅಂದರೆ ಟರೆಟ್ 10 ಎಂದಾಗ ಸ್ಕೋಪ್ ಸರಿಯುತ್ತಿದ್ದದ್ದು 9.8. ಇದನ್ನು ತಿಳಿಯುವ ಮೊದಲು ನಾನು ದೂರದಲ್ಲಿ ಗುಂಡು ಕೆಳಗೆ ಬಿದ್ದಾಗಲೆಲ್ಲ ಕಾಡತೂಸನ್ನು ದೂರುತ್ತಿದ್ದೆ. ಗುಂಪು ಗೆರೆಯಿಂದ ಪಕ್ಕಕ್ಕೂ ಸರಿದಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ ಎಂದರ್ಥ. ನನ್ನದು ಆ ವಿಷಯದಲ್ಲಿ ನೇರವಿತ್ತು.

ಇದಾದ ಮೇಲೆ 300ಕ್ಕೂ 600ಕ್ಕೂ ಹೋಗುತ್ತೇನೆ. ಝೀರೋ ಮಾಡಲು ಅಲ್ಲ, ಕೋಷ್ಟಕ ಪರೀಕ್ಷಿಸಲು. ನನ್ನ ರೈಫಲ್ಲಿಗೆ 300ರಲ್ಲಿ 1.6, 600ರಲ್ಲಿ 5.5 ಮಿಲ್ ಸುತ್ತಮುತ್ತ ಬೇಕಾಗುತ್ತಿತ್ತು. 600ರಲ್ಲಿ ಎತ್ತರ ತಪ್ಪಿದರೆ ಕೋಷ್ಟಕದಲ್ಲಿ ಬರೆದ ವೇಗದ ಅಂಕಿಯನ್ನು ತಿದ್ದುತ್ತೇನೆಯೇ ಹೊರತು ಟರೆಟ್ಟಿನ ಸೊನ್ನೆಯನ್ನು ಮುಟ್ಟುವುದಿಲ್ಲ. ಈ ಎರಡನ್ನು ಬೆರೆಸುವವರನ್ನು ನಾನು ಬಹಳ ನೋಡಿದ್ದೇನೆ. ಅವರ ನೋಟ್‌ಬುಕ್ಕಿನಲ್ಲಿ ಯಾವ ಅಂಕಿಯೂ ಎರಡು ತಿಂಗಳು ಬಾಳುವುದಿಲ್ಲ. 200 ಮೀಟರಿನ ಝೀರೋವನ್ನೂ ನಾನು ಒಂದು ಚಳಿಗಾಲ ಪೂರ್ತಿ ಬಳಸಿ ನೋಡಿದೆ. ಬಯಲಿನಲ್ಲಿ ಬೇಟೆಯಾಡುವವರ ನಾಡುಗಳಲ್ಲಿ ಅದಕ್ಕೆ ಬೆಲೆ ಇರಬಹುದು, ಸ್ಪರ್ಧೆಯಲ್ಲಿ ನನಗೆ ಅದರಿಂದ ಯಾವ ಲಾಭವೂ ಕಾಣಲಿಲ್ಲ.

ಒಂದೇ ದೂರಕ್ಕೆ ಮಾತ್ರ ಹೊಡೆಯುವವರ ಮಾತು ಬೇರೆ. ಹೊರದೇಶಗಳಲ್ಲಿ ಎಫ್-ಕ್ಲಾಸ್ ಎಂಬ ಸ್ಪರ್ಧೆ ಇದೆ. ಮಲಗಿಕೊಂಡು, ಆಸರೆಯ ಮೇಲೆ ರೈಫಲ್ ಇಟ್ಟು, ಸ್ಕೋಪಿನಿಂದ 1000 ಗಜದವರೆಗೆ ಹೊಡೆಯುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವ ಗುಂಡುಗಳ ಮೊದಲು ತಿದ್ದಿಕೊಳ್ಳಲು ಗುಂಡು ಕೊಡುತ್ತಾರೆ, ದೂರವೂ ಸುತ್ತು ಮುಗಿಯುವವರೆಗೆ ಬದಲಾಗುವುದಿಲ್ಲ. ಅಂಥವನು ಆ ದೂರಕ್ಕೇ ಸೊನ್ನೆ ಇಟ್ಟುಕೊಂಡರೆ ನಾನು ಬೇಡವೆನ್ನುವುದಿಲ್ಲ. ಆದರೂ 100ರ ಗುರುತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಸ್ಕೋಪಿಗೆ ಪೆಟ್ಟು ಬಿದ್ದ ದಿನ 1000 ಗಜದ ಮೈದಾನ ಕೈಗೆ ಸಿಗುವುದಿಲ್ಲ, 100 ಮೀಟರ್ ಸಿಗುತ್ತದೆ.

ಕಳೆದ ತಿಂಗಳು ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳು .22 ರೈಫಲ್ಲಿಗೆ ಹೊಸ ಸ್ಕೋಪ್ ಹಾಕಿಸಿಕೊಂಡು ಬಂದಳು. “ಕಾಕಾ, ನೂರಕ್ಕ ಮಾಡೋಣೇನು?” ಎಂದಳು. .22ರ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದ್ದು; .308ಕ್ಕೆ 100 ಹೇಗೋ ಇದಕ್ಕೆ 50 ಹಾಗೆ. 50ಕ್ಕೆ ಝೀರೋ ಮಾಡಿದರೆ ನಡುವೆ ಅದು ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು ಏರುತ್ತದೆ, 100 ಮೀಟರಿನಲ್ಲಿ ಸುಮಾರು 23 ಸೆಂಟಿಮೀಟರ್ ಕೆಳಗಿರುತ್ತದೆ. ಲೆಕ್ಕವನ್ನು ಕಾಗದದ ಮೇಲೆ ಅವಳೇ ಗೀಚಿ ನೋಡಿ, ತಾನೇ 50ರ ಗೂಟದ ಹತ್ತಿರ ಹಲಗೆ ನೆಟ್ಟು ಬಂದಳು. ಮೊದಲ ದಿನದ ಐದು ಗುಂಡುಗಳನ್ನು ಹೊಡೆದು, ಟರೆಟ್ ಮುಟ್ಟದೆ ಕಾಗದವನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡು, ಉಳಿದ ಐದನ್ನು ನಾಳೆ ಬೆಳಿಗ್ಗೆ ಆರಕ್ಕೆ ಬಂದು ಹೊಡೆಯುತ್ತೇನೆಂದು ಹೇಳಿ ಹೋದಳು.