ಗಜನಿಯ ಅರ್ಜಿಯೊಳಗೆ ‘ಅಡ್ವೊಕೇಟ್’ ಬಂದದ್ದು

ಕುಮಟೆ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೋ ದಿಲ್ಲಿಗೋ ಹೋಗುವ ಮನವಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ನಿವೃತ್ತಿಯಾದ ಮೇಲೆ ನನಗೆ ತಾನಾಗೇ ಅಂಟಿಕೊಂಡಿತು. ಅಘನಾಶಿನಿ ಅಳಿವೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರು ಬಂದದ್ದು ಕಗ್ಗ ಭತ್ತದ ವಿಚಾರಕ್ಕೆ. ಉಪ್ಪುನೀರು ತಾಳಿಕೊಳ್ಳುವ ಈ ತಳಿ ಉಳಿಯಬೇಕು, ಒಡೆದ ಒಡ್ಡು ಕಟ್ಟಿಕೊಡಬೇಕು, ಇಷ್ಟೇ ಬೇಡಿಕೆ. ಮೊದಲು ‘ಸಪೋರ್ಟ್’ ಎಂದು ಬರೆದೆ. ಎಲ್ಲ ಅರ್ಜಿಗಳಲ್ಲೂ ಇರುವ ಸಪ್ಪೆ ಮಾತು ಅದು. ತೆಗೆದು ‘ಅಡ್ವೊಕೇಟ್’ ಹಾಕಿದೆ.

ಓದಿ ಹೇಳಿದ್ದೇ ತಡ, ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು: “ಮಾಸ್ತರ್ರೆ, ನಮ್ಮ ಗಜನಿ ಅರ್ಜೀಲಿ ವಕೀಲ್ರು ಎಂತಕ್ಕೆ ಬಂದ್ರು? ನಾವು ಕೇಸು ಹಾಕ್ಲಿಲ್ಲಲ್ಲ!”

ಕೇಳಿದ್ದು ಸರಿಯೇ. ಲ್ಯಾಟಿನ್ನಿನ ‘ಅಡ್ವೊಕೇಟಸ್’ ಎಂದರೆ ನೆರವಿಗೆ ಕರೆಸಿಕೊಂಡವನು. ಫ್ರೆಂಚಿನ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಇನ್ನೊಬ್ಬರ ಪರ ವಾದಿಸುವ ಮನುಷ್ಯನ ಹೆಸರು. ‘ಪರವಾಗಿ ವಾದಿಸು’ ಎಂಬ ಕ್ರಿಯಾಪದವಾದದ್ದು 17ನೇ ಶತಮಾನದಲ್ಲಿ. ಅದರ ಮೇಲೂ ತಕರಾರು ನಿಲ್ಲಲಿಲ್ಲ: 1789ರಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು, ಇದನ್ನು ಕ್ರಿಯಾಪದವಾಗಿ ಬಳಸುವುದಕ್ಕೆ ಆಕ್ಷೇಪ ಎತ್ತಿದ್ದ. ಇಂಥ ಜಗಳಗಂಟ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. (ಫ್ರೆಂಚಿನಲ್ಲಿ ‘ಅವೊಕಾ’ ಅಂದರೆ ವಕೀಲನೂ ಹೌದು, ಬೆಣ್ಣೆಹಣ್ಣೂ ಹೌದು. ಹಣ್ಣಿನ ಹೆಸರು ಮಾತ್ರ ಮೆಕ್ಸಿಕೋದಿಂದ ಬಂದದ್ದು.)

ಇದನ್ನು ಬಳಸುವಾಗ ನಾನು ನೋಡಿಕೊಳ್ಳುವುದು ಎರಡು ಸಂಗತಿ. ಒಂದು ಉಚ್ಚಾರ: ಮನುಷ್ಯನಾದರೆ ಕೊನೆಗೆ ‘ಕಿಟ್’ಗೆ ಹತ್ತಿರದ ಸ್ವರ, ಕ್ರಿಯೆಯಾದರೆ ‘ಕೇಟ್’. ಇನ್ನೊಂದು ಅದರ ನಂತರ ಬರುವ ‘ಫಾರ್’. ತತ್ವವನ್ನೋ ಕ್ರಮವನ್ನೋ ಎತ್ತಿಹಿಡಿಯುವಾಗ ಕ್ರಿಯಾಪದಕ್ಕೆ ಅದು ಬೇಡ, ಸೀದಾ ಕರ್ಮಪದ ಸಾಕು. ಜನರ ಪರ ಮಾತಾಡುವಾಗ ‘ಫಾರ್’ ಹೊಂದುತ್ತದೆ. ಈಗ ಎಲ್ಲ ಕಡೆ ‘ಫಾರ್’ ಬೆರೆಸುತ್ತಾರೆ. ತಪ್ಪೆನ್ನಲಾರೆ, ಆದರೆ ನಾನು ಬರೆಯುವುದಿಲ್ಲ.

ಜೊತೆಗಿದ್ದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಹುಡುಕಿ ‘ಅಡ್ವೊಕೇಟ್’ ಬದಲಿಗೆ ‘ಎಸ್ಪೌಸ್’, ‘ಚಾಂಪಿಯನ್’ ಎರಡನ್ನೂ ಮುಂದಿಟ್ಟಳು. ಮೊದಲನೆಯದರ ಬೇರು ಲ್ಯಾಟಿನ್ನಿನ ವಾಗ್ದಾನ, ಮದುವೆ ನಿಶ್ಚಯ. ಸಿದ್ಧಾಂತವನ್ನು ಕೈಹಿಡಿದವರಿಗೆ ಹೊಂದುತ್ತದೆ. ಅಜ್ಜನ ಕಾಲದಿಂದ ಕಗ್ಗ ಬಿತ್ತುವವರು ಅದನ್ನು ಹೊಸದಾಗಿ ವರಿಸುವುದೆಂತು? ‘ಚಾಂಪಿಯನ್’ ಬಂದದ್ದು ಮೈದಾನ ಎಂಬರ್ಥದ ‘ಕ್ಯಾಂಪಸ್’ನಿಂದ. ಮಧ್ಯಯುಗದ ಯುರೋಪಿನಲ್ಲಿ ವ್ಯಾಜ್ಯವನ್ನು ಕಾಳಗದಲ್ಲಿ ತೀರಿಸುವಾಗ ಕೈಲಾಗದವರ ಪರ ಕಣಕ್ಕಿಳಿಯುವವನೇ ಚಾಂಪಿಯನ್. ಪತ್ರಿಕೆಯವರು ರೈತರನ್ನು ಹಾಗೆ ಕರೆದರೆ ಚೆಂದ, ರೈತರೇ ತಮ್ಮನ್ನು ಕರೆದುಕೊಂಡರೆ ಬಡಾಯಿ.

ಹೀಗಾಗಿ ‘ಅಡ್ವೊಕೇಟ್’ ಉಳಿಯಿತು, ಒಂದೇ ಕಡೆ, ಮೊದಲ ವಾಕ್ಯದಲ್ಲಿ. ಅದು ನಿಲುವು ಹೇಳುತ್ತದೆ. ಆಫೀಸಿನವರು ಮಾಡಬೇಕಾದ್ದೇನೆಂದು ಹೇಳುವುದಿಲ್ಲ. ಅದಕ್ಕೆ ಎರಡನೇ ವಾಕ್ಯ ‘ವಿ ರಿಕ್ವೆಸ್ಟ್’ ಎಂದು ಶುರುವಾಯಿತು: ಒಡ್ಡು ಎಲ್ಲಿ ಒಡೆದಿದೆ, ಯಾರ ಗದ್ದೆಗೆ ನೀರು ನುಗ್ಗಿದೆ, ಮಳೆಗಾಲಕ್ಕೆ ಮೊದಲೇ ದುರಸ್ತಿ ಏಕೆ ಆಗಬೇಕು. ಆ ಭಾಗ ಹಿರಿಯರೇ ಹೇಳಿ ಬರೆಸಿದರು.