ಅಮೆರಿಕದ 5ಜಿ ಹೋಮ್ ಇಂಟರ್ನೆಟ್: ಡಬ್ಬಿಯಲ್ಲಿ ಇಲ್ಲದ ಸೆಟ್ಟಿಂಗ್‌ಗಳು

ಅಮೆರಿಕಕ್ಕೆ ಬಂದ ಹೊಸತರಲ್ಲಿ 5ಜಿ ಹೋಮ್ ಇಂಟರ್ನೆಟ್ ಸಲೀಸು ಅನಿಸುತ್ತದೆ. ಕೇಬಲ್ ಎಳೆಯಲು ಯಾರೂ ಬರಬೇಕಿಲ್ಲ. ಮೊಬೈಲ್ ಟವರ್‌ನ ಸಿಗ್ನಲ್ ಹಿಡಿದು ವೈಫೈ ಕೊಡುವ ಡಬ್ಬಿ ಪಾರ್ಸೆಲ್‌ನಲ್ಲಿ ಬರುತ್ತದೆ, ಕಿಟಕಿ ಪಕ್ಕ ಇಟ್ಟು ಪ್ಲಗ್ ಹಾಕಿದರೆ ಆಯಿತು. ನಾನೂ ಹಾಗೇ ತಗೊಂಡೆ. ರಜೆಗೆ ಮೈಸೂರಿಗೆ ಹೋದಾಗ ಇಲ್ಲಿನ ಗ್ಯಾರೇಜ್ ಕ್ಯಾಮೆರಾದ ರೆಕಾರ್ಡರ್ ನೋಡೋಣ ಅಂದರೆ ಕನೆಕ್ಟೇ ಆಗಲಿಲ್ಲ.

ವಾಪಸ್ ಬಂದು ಪೋರ್ಟ್ ಫಾರ್ವರ್ಡಿಂಗ್ ಹುಡುಕಿದೆ, ಅಂದರೆ ಹೊರಗಿನಿಂದ ಬಂದ ಕನೆಕ್ಷನ್ ಅನ್ನು ಮನೆಯೊಳಗಿನ ಒಂದು ಸಾಧನಕ್ಕೆ ಕಳಿಸುವ ಸೆಟ್ಟಿಂಗ್. ಡಬ್ಬಿಯ ಆ್ಯಪ್‌ನಲ್ಲಿ ಇದ್ದದ್ದು ವೈಫೈ ಹೆಸರು, ಪಾಸ್‌ವರ್ಡ್, ರೀಸ್ಟಾರ್ಟ್. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕುವ ಸೇವೆ) ಬದಲಿಸುವ ಜಾಗವೂ ಇಲ್ಲ, ಡಬ್ಬಿಯನ್ನು ಬರೀ ಮೋಡೆಮ್ ಮಾಡಿ ಉಳಿದ ಕೆಲಸ ಸ್ವಂತ ರೂಟರ್‌ಗೆ ಬಿಡುವ ಬ್ರಿಡ್ಜ್ ಮೋಡೂ ಇಲ್ಲ.

ಡಬ್ಬಿಯನ್ನು ಬೈದು ಪ್ರಯೋಜನವಿಲ್ಲ. ಇಂಟರ್ನೆಟ್‌ನ ಹಳೇ ಬಗೆಯ ವಿಳಾಸಗಳಾದ ಐಪಿವಿ4 ಸಾಲದ್ದಕ್ಕೆ ಮೊಬೈಲ್ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದೇ ಸಿಜಿ-ನ್ಯಾಟ್. ಮನೆ ನಂಬರ್ ಬರೆಯದೆ ಬರೀ ಅಪಾರ್ಟ್‌ಮೆಂಟ್ ಹೆಸರು ಬರೆದ ಕಾಗದ ಗೇಟಿನವರೆಗೆ ಮಾತ್ರ ಬರುತ್ತದೆ ಅಲ್ವಾ, ಹಾಗೆ. ಡಬ್ಬಿಯ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (WAN IP, ಕಂಪನಿ ಡಬ್ಬಿಗೆ ಕೊಟ್ಟ ವಿಳಾಸ) 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮದೂ ಅದೇ ಕಥೆ.

ಮನೆಯೊಳಗಿನ ಹಿಡಿತ ಬೇಕಿದ್ದರೆ ಸ್ವಂತ ರೂಟರ್ ತಂದು, ಅದರ ವ್ಯಾನ್ ಪೋರ್ಟ್‌ನಿಂದ ಡಬ್ಬಿಗೆ ಈಥರ್ನೆಟ್ ಕೇಬಲ್ ಹಾಕಿ. ಡಿಎನ್‌ಎಸ್, ಮಕ್ಕಳ ಫೋನಿಗೆ ಟೈಮ್, ಹಳೇ ಪ್ರಿಂಟರ್‌ಗೆ ಬೇಕಾದ ಬೇರೆ 2.4 ಗಿಗಾಹರ್ಟ್ಜ್ ವೈಫೈ ಎಲ್ಲ ಅಲ್ಲಿ ಸಿಗುತ್ತದೆ. ಡಬ್ಬಿ ಕೊಡುವ ಐಪಿ 192.168.1ರಲ್ಲಿ ಇದ್ದರೆ ನಿಮ್ಮ ರೂಟರ್ ಅನ್ನು 192.168.50ಕ್ಕೆ ಬದಲಿಸಿ, ಎರಡೂ ಒಂದೇ ಆದರೆ ಗೊಂದಲ. ಹೊರಗಿನಿಂದ ಒಳಗೆ ಬರುವ ದಾರಿ ಮಾತ್ರ ಇದರಿಂದ ತೆರೆಯುವುದಿಲ್ಲ. ಸುಮ್ನೆ ದುಬಾರಿ ರೂಟರ್ ಕೊಳ್ಳಬೇಡಿ.

ಅದಕ್ಕೆ ನಾನು ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ನಮ್ಮ ಸಾಧನಗಳನ್ನು ಎಲ್ಲಿಂದಲಾದರೂ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಹಾಕಿ, ಮನೆಯ ಉಳಿದ ಸಾಧನಗಳಿಗೂ ದಾರಿ ಕೊಡುವ ಸಬ್‌ನೆಟ್ ರೂಟರ್ ಆಗಿ ಬಿಟ್ಟಿದ್ದೇನೆ. ಕನೆಕ್ಷನ್ ಒಳಗಿನಿಂದಲೇ ಹೊರಡುವುದರಿಂದ ಸಿಜಿ-ನ್ಯಾಟ್ ಅಡ್ಡ ಬರುವುದಿಲ್ಲ. ಕ್ಲೌಡ್ ಕ್ಯಾಮೆರಾಗಳು ತೊಂದರೆಯಿಲ್ಲದೆ ನಡೆಯುವುದೂ ಇದೇ ಕಾರಣಕ್ಕೆ.

ಕೇಬಲ್ ಇಂಟರ್ನೆಟ್ ಆದರೆ ಸ್ವಂತ ಮೋಡೆಮ್, ರೂಟರ್ ಇಡಬಹುದು. ಕಂಪನಿ ಕೊಡದ ರೂಟರ್‌ಗೆ ಬಾಡಿಗೆ ಹಾಕುವಂತಿಲ್ಲ ಎಂಬ ನಿಯಮ 2020ರ ಡಿಸೆಂಬರ್ 20ರಿಂದ ಇದೆ. ಬಿಲ್ ನೋಡಿಕೊಳ್ಳಿ.

2024ರಿಂದ ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ನಿಯಮದಂತೆ ಪ್ರತಿ ಪ್ಲಾನ್ ಜೊತೆ ಲೇಬಲ್ ಇರುತ್ತದೆ. ಬೆಲೆ, ವೇಗ, ಡೇಟಾ ಮಿತಿ ಎಲ್ಲ ಅದರಲ್ಲಿದೆ, ಪೋರ್ಟ್ ಫಾರ್ವರ್ಡಿಂಗ್ ವಿಷಯ ಇಲ್ಲ. ಆದ್ದರಿಂದ ತಗೊಳ್ಳುವ ಮುಂಚೆ ಎರಡೇ ಪ್ರಶ್ನೆ: ಬೇರೆಯವರಿಗೆ ಹಂಚದ ಪಬ್ಲಿಕ್ ಐಪಿವಿ4 ಸಿಗುತ್ತಾ, ಆ ವಿಳಾಸವನ್ನು ನೇರ ಸ್ವಂತ ರೂಟರ್‌ಗೆ ಕೊಡುವ ಐಪಿ ಪಾಸ್‌ಥ್ರೂ ಇದೆಯಾ? ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದಾಗ ನನಗೆ ಎರಡಕ್ಕೂ ‘ಯೆಸ್’ ಅಂದಿದ್ದರು.