ಒಂದೇ ತೂಕದ ಎರಡು ನಾಯಿ, ಬೇರೆ ಬೇರೆ ಅಳತೆ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಚಿನ್ನಿ ಲ್ಯಾಬ್ರಡಾರ್, ಬಾಣ ಮುಧೋಳ. ಇಬ್ಬರೂ 25 ಕೆಜಿ ಆಸುಪಾಸು ತೂಗುತ್ತಾರೆ, ಒಂದೇ ಚೀಲದ ಡ್ರೈ ಫುಡ್ ತಿನ್ನುತ್ತಾರೆ. ಆದರೆ ಬಾಣನಿಗೆ ದಿನಕ್ಕೆ 400 ಗ್ರಾಂ, ಚಿನ್ನಿಗೆ 290. ಚೀಲದ ಹಿಂದಿನ ಕೋಷ್ಟಕವನ್ನೇ ನಂಬಿದರೆ ಇಬ್ಬರಿಗೂ ಒಂದೇ ಸಾಲು. ಹಾಗೆ ಹಾಕಿದ್ದರೆ ಅವನು ಸೊರಗುತ್ತಿದ್ದ, ಇಲ್ಲವೇ ಅವಳು ಊದಿಕೊಳ್ಳುತ್ತಿದ್ದಳು. ಈ 110 ಗ್ರಾಂ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹೇಳಬೇಕೆಂದರೆ ಮೊದಲು ಚೀಲ ಆರಿಸಿದ ಕಥೆ ಹೇಳಬೇಕು.

ಧಾರವಾಡದ ನಮ್ಮದು ಸಸ್ಯಾಹಾರಿ ಮನೆ, ಅಡುಗೆಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಇಂಥ ಮನೆಗಳಲ್ಲಿ ನಾಯಿ ಹಾಲು, ಚಪಾತಿ, ಮೊಸರನ್ನದ ಮೇಲೆಯೇ ಬೆಳೆಯುತ್ತದೆ. ಅನ್ನ ನಾಯಿಗೆ ವಿಷ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಪಿಷ್ಟ ಜೀರ್ಣಿಸುವ ಎಎಂವೈ2ಬಿ ಎಂಬ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಮನುಷ್ಯನ ಊಟದ ಪಕ್ಕದಲ್ಲೇ ಬೆಳೆದ ಪ್ರಾಣಿ ಅದು. ತೊಂದರೆ ಇರುವುದು ಅನ್ನದಲ್ಲಲ್ಲ, ಅನ್ನದ ಜೊತೆ ಬರಬೇಕಾದದ್ದು ಬಾರದೇ ಇರುವುದರಲ್ಲಿ: ಸಾಕಷ್ಟು ಪ್ರೋಟೀನ್, ಸರಿಯಾದ ಅನುಪಾತದ ಕ್ಯಾಲ್ಸಿಯಂ-ರಂಜಕ, ಸತು, ಕೆಲವು ಕೊಬ್ಬಿನಾಮ್ಲಗಳು. ಮನೆಯಲ್ಲೇ ಇದನ್ನೆಲ್ಲ ಹೊಂದಿಸಬಹುದು, ಆದರೆ ಪಶು ಆಹಾರ ತಜ್ಞರಿಂದ ಲೆಕ್ಕ ಹಾಕಿಸಿಕೊಂಡು ದಿನವೂ ಅದರಂತೆ ಬೇಯಿಸಬೇಕು. ನನಗೆ ಆ ಪುರುಸೊತ್ತಿಲ್ಲ. ಅಡುಗೆಮನೆಯ ಕಟ್ಟಳೆ ಮುರಿಯದೆ ನಾಯಿಗೆ ಮಾಂಸ ಮುಟ್ಟಿಸಲು ಡ್ರೈ ಫುಡ್ಡೇ ಸುಲಭ ದಾರಿಯಾಯಿತು. ಚೀಲ ಹಿತ್ತಲ ಕಡೆಯ ಪಡಸಾಲೆಯಲ್ಲಿರುತ್ತದೆ. ಅತ್ತೆಯವರ ತಕರಾರಿಲ್ಲ.

ಅಂಗಡಿಯಲ್ಲಿ ಚೀಲದ ಮುಂಭಾಗ ನೋಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಹೊಳೆಯುವ ಕೂದಲಿನ ನಾಯಿಯ ಚಿತ್ರ ಎಲ್ಲ ಕಂಪನಿಯವರಿಗೂ ಸಿಗುತ್ತದೆ. ಚೀಲ ತಿರುಗಿಸಿದರೆ ಮೊದಲು ಹುಡುಕುವುದು, ಇದು ಪೂರ್ಣ ಹಾಗೂ ಸಮತೋಲಿತ ಆಹಾರ ಎಂದು ಬರೆದಿದ್ದಾರೆಯೇ, ಯಾವ ವಯಸ್ಸಿನ ನಾಯಿಗೆ ಎಂದು ಹೇಳಿದ್ದಾರೆಯೇ ಎಂದು. ಜೊತೆಗೆ ಕೊಡುವ ಸ್ನ್ಯಾಕ್ಸ್ ಪೊಟ್ಟಣವನ್ನೇ ಊಟ ಎಂದುಕೊಂಡು ಒಯ್ಯುವವರನ್ನು ನೋಡಿದ್ದೇನೆ.

ಆಮೇಲೆ ಅಂಕಿಗಳು. ಅಮೆರಿಕದ ಎಎಎಫ್‌ಸಿಒ ಎಂಬ ಪಶು ಆಹಾರ ಅಧಿಕಾರಿಗಳ ಸಂಘದ ಮಾನದಂಡ ಇಲ್ಲಿನ ಬಹಳಷ್ಟು ಚೀಲಗಳ ಮೇಲೂ ಕಾಣಿಸುತ್ತದೆ. ಅದರ ಪ್ರಕಾರ ಬೆಳೆದ ನಾಯಿಗೆ ಕನಿಷ್ಠ ಪ್ರೋಟೀನ್ 18%, ಕೊಬ್ಬು 5.5%. ಮರಿಗೆ 22.5% ಮತ್ತು 8.5%. ಇವೆಲ್ಲ ನೀರಿನಂಶ ತೆಗೆದ ಮೇಲಿನ ಲೆಕ್ಕ. ಚೀಲದ ಮೇಲೆ ಪ್ರೋಟೀನ್ 22%, ತೇವಾಂಶ 10% ಎಂದಿದ್ದರೆ 22ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿ: ಒಣಲೆಕ್ಕದಲ್ಲಿ 24.4% ಬರುತ್ತದೆ. ಡಬ್ಬಿಯ ಹಸಿ ಆಹಾರವನ್ನೂ ಡ್ರೈ ಫುಡ್ಡನ್ನೂ ಹೋಲಿಸುವಾಗ ಈ ಲೆಕ್ಕ ಬೇಕೇ ಬೇಕು.

ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ತೂಕದಲ್ಲಿ ಎಲ್ಲಕ್ಕಿಂತ ಹೆಚ್ಚು. ಆದರೆ ಆ ತೂಕ ತಯಾರಿಕೆಗೆ ಮುಂಚಿನದು. ಹಸಿ ಕೋಳಿಮಾಂಸದಲ್ಲಿ ಮುಕ್ಕಾಲು ಭಾಗದಷ್ಟು ನೀರೇ ಇರುವುದರಿಂದ ಅದು ಸಲೀಸಾಗಿ ಮೊದಲ ಸ್ಥಾನ ಹಿಡಿಯುತ್ತದೆ. ಒಣಗಿಸಿದ ಮೇಲೆ ಅದರ ಪಾಲು ಎಷ್ಟೋ ಕೆಳಗಿಳಿಯುತ್ತದೆ. ಒಣಗಿಸಿ ಪುಡಿ ಮಾಡಿದ ಚಿಕನ್ ಮೀಲ್ ಎರಡನೆಯ ಸ್ಥಾನದಲ್ಲಿದ್ದರೂ ಅದು ಕೊಡುವ ಪ್ರೋಟೀನೇ ಹೆಚ್ಚಿರಬಹುದು. ಹಾಗಾಗಿ ಪಟ್ಟಿಯ ಮೊದಲ ಹೆಸರು ನೋಡಿ ಮಾರುಹೋಗುವುದಕ್ಕೆ ಅರ್ಥವಿಲ್ಲ. ಧಾನ್ಯವೇ ಇಲ್ಲ ಎಂದು ದುಬಾರಿಗೆ ಮಾರುವ ಚೀಲಗಳನ್ನು ನಾನು ಮುಟ್ಟಲಿಲ್ಲ. ಅಂಥ ಆಹಾರಕ್ಕೂ ನಾಯಿಗಳ ಒಂದು ಬಗೆಯ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತು. ಖಚಿತ ಕಾರಣ ಸಾಬೀತಾಗಿಲ್ಲ, ನಿಜ. ಆದರೆ ಜೋಳ, ಅಕ್ಕಿ ಅರಗಿಸಿಕೊಳ್ಳುವ ನಾಯಿಗೆ ಹೆಚ್ಚು ದುಡ್ಡು ಕೊಟ್ಟು ಧಾನ್ಯದ ಬದಲಿಗೆ ತುಂಬಿದ ಬಟಾಣಿ ತಿನ್ನಿಸುವುದು ಯಾಕೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 100 ಗ್ರಾಂನಲ್ಲಿ ಎಷ್ಟು ಕಿಲೋಕ್ಯಾಲರಿ ಎಂಬುದು. ವಿಚಿತ್ರವೆಂದರೆ ಎಷ್ಟೋ ಚೀಲಗಳ ಮೇಲೆ ಇದೊಂದನ್ನೇ ಬರೆದಿರುವುದಿಲ್ಲ. ಬರೆಯದಿದ್ದರೆ ನಾವೇ ಅಂದಾಜು ಮಾಡಬಹುದು. ನಮ್ಮ ಚೀಲದಲ್ಲಿ ಪ್ರೋಟೀನ್ 26, ಕೊಬ್ಬು 15, ನಾರು 3, ತೇವಾಂಶ 10. ಬೂದಿ, ಅಂದರೆ ಖನಿಜಾಂಶ, ಬರೆದಿರಲಿಲ್ಲ, 8 ಎಂದು ಹಿಡಿದೆ. ಇವನ್ನೆಲ್ಲ 100ರಿಂದ ಕಳೆದರೆ ಉಳಿಯುವ 38 ಪಿಷ್ಟ. ಪ್ರೋಟೀನನ್ನೂ ಪಿಷ್ಟವನ್ನೂ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿದರೆ ಸುಮಾರು 350. ಅಂದರೆ ಕೆಜಿಗೆ 3500 ಕಿಲೋಕ್ಯಾಲರಿ.

ಇದು ಗೊತ್ತಾದರೆ ಬೆಲೆಯ ಲೆಕ್ಕವೂ ಬದಲಾಗುತ್ತದೆ. ಕೆಜಿಗೆ 300 ರೂಪಾಯಿಯ ಆಹಾರದಲ್ಲಿ 3000 ಕಿಲೋಕ್ಯಾಲರಿ, 380 ರೂಪಾಯಿಯದರಲ್ಲಿ 3800 ಇದ್ದರೆ ಎರಡೂ ಒಂದೇ ಬೆಲೆಯವು. ಅಗ್ಗದ್ದು ಬೇಗ ಖಾಲಿಯಾಗುತ್ತದೆ, ಅಷ್ಟೆ. ಅದರ ಮೇಲೆ ಸಗಣಿ ಹಾಕಿದಂತೆ ರಾಶಿ ಹಾಕುವ ನಾಯಿಯ ಹಿಂದೆ ನೀವೇ ಚೀಲ ಹಿಡಿದು ಓಡಾಡಬೇಕು. ತಿಂದದ್ದು ಮೈಗೆ ಹತ್ತುತ್ತಿದೆಯೇ ಎನ್ನುವುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಮಲ ಗಟ್ಟಿಯಾಗಿ, ಕಡಿಮೆ ಪ್ರಮಾಣದಲ್ಲಿ, ಎತ್ತಿದರೆ ನೆಲಕ್ಕೆ ಅಂಟದಂತಿದ್ದರೆ ಒಳ್ಳೆಯದು. ಹೀಗೆ ನೋಡಿಯೇ ನಾನು ಮಧ್ಯಮ ಬೆಲೆಯದೊಂದನ್ನು ಹಿಡಿದೆ. ಯಾವ ಬ್ರ್ಯಾಂಡ್ ಎಂದು ಕೇಳುವವರಿಗೆ ಹೇಳುವುದಿಲ್ಲ. ಹೇಳಿದರೆ ಅವರು ಚೀಲದ ಹಿಂಭಾಗ ಓದುವುದಿಲ್ಲ.

ಮೊದಲು ಸಣ್ಣ ಪೊಟ್ಟಣ ತಂದೆ. ಹಳೆಯ ಆಹಾರದಲ್ಲಿ ಕಾಲು ಭಾಗ ಹೊಸದು, ಎರಡು ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು, ಹೀಗೆ ವಾರ ಹತ್ತು ದಿನದಲ್ಲಿ ಪೂರ್ತಿ ಬದಲಿಸಿದೆ. ಒಮ್ಮೆಗೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ, ಬೈಗುಳ ಹೊಸ ಆಹಾರಕ್ಕೆ. ಚೀಲ ಬಿಚ್ಚಿಟ್ಟು ಕಿಲೋ ಲೆಕ್ಕದಲ್ಲಿ ತೂಗಿಕೊಡುವ ಲೂಸ್ ಮಾಲು ಮಾತ್ರ ಬೇಡ. ಎಂದು ಬಿಚ್ಚಿದ್ದು, ಅವಧಿ ಎಂದು ಮುಗಿಯುತ್ತದೆ, ಯಾವುದೂ ತಿಳಿಯುವುದಿಲ್ಲ. ಕೊಬ್ಬು ಗಾಳಿಗೆ ಕಮಟು ವಾಸನೆ ಹಿಡಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬರುವುದೂ ಉಂಟು. ನಾನು ಡ್ರೈ ಫುಡ್ಡಿನ ಕಾಳನ್ನು ಡಬ್ಬಿಗೆ ಸುರಿಯುವುದಿಲ್ಲ. ಚೀಲದ ಬಾಯಿ ಮಡಚಿ ಕ್ಲಿಪ್ ಹಾಕಿ, ಚೀಲದ ಸಮೇತ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಬ್ಯಾಚ್ ನಂಬರೂ ಉಳಿಯುತ್ತದೆ, ಇರುವೆಯೂ ಹತ್ತುವುದಿಲ್ಲ. ಬಿಚ್ಚಿದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮುಗಿಯುವಷ್ಟು ದೊಡ್ಡ ಚೀಲವನ್ನಷ್ಟೇ ತರುತ್ತೇನೆ.

ಇನ್ನು ಎಷ್ಟು ಹಾಕಬೇಕು ಎಂಬ ಮಾತು. ಪಶುವೈದ್ಯರು ಬಳಸುವ ಸೂತ್ರವೊಂದಿದೆ. ನಾಯಿಯ ತೂಕದ ಘನ ತೆಗೆದು (ತೂಕ × ತೂಕ × ತೂಕ), ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಬೇಕು. 25 ಕೆಜಿಗೆ ಮಾಡಿ ನೋಡಿ: 25 × 25 × 25 ಅಂದರೆ 15,625, ಒಂದು ವರ್ಗಮೂಲ 125, ಇನ್ನೊಂದು 11.18, ಎಪ್ಪತ್ತರಿಂದ ಗುಣಿಸಿದರೆ ಸುಮಾರು 783 ಕಿಲೋಕ್ಯಾಲರಿ. ಇದು ನಾಯಿ ಸುಮ್ಮನೆ ಮಲಗಿರಲು ಬೇಕಾದ ಶಕ್ತಿ. ಓಡಾಡುವ ನಾಯಿಗೆ ಇದನ್ನು ಮತ್ತೆ ಗುಣಿಸಬೇಕು: ಸಂತಾನಹರಣದ ಆಪರೇಷನ್ ಆಗದ ಬೆಳೆದ ನಾಯಿಗೆ 1.8, ಆಪರೇಷನ್ ಆದದ್ದಕ್ಕೆ 1.6, ಮೈ ಬರುವ ಸ್ವಭಾವದ್ದಕ್ಕೆ 1.2ರಿಂದ 1.4.

ಬಾಣನಿಗೆ 1.8. ಬೆಳಿಗ್ಗೆ ಬಯಲಿನಲ್ಲಿ ಬಿಟ್ಟರೆ ಅವನು ಕಣ್ಣಿಗೇ ಬೀಳುವುದಿಲ್ಲ. ಲೆಕ್ಕ 1,409ಕ್ಕೆ ಬಂತು, ನಮ್ಮ ಚೀಲದಲ್ಲಿ 400 ಗ್ರಾಂ. ಚಿನ್ನಿಗೆ ಆಪರೇಷನ್ ಆಗಿದೆ, ಮೇಲಾಗಿ ಲ್ಯಾಬ್. 1.3 ಹಿಡಿದೆ, 1,018, ಅಂದರೆ 290 ಗ್ರಾಂ. ವ್ಯತ್ಯಾಸದ ಮೂಲ ಇಷ್ಟೇ. ಆದರೆ ಈ ಸೂತ್ರವೂ ಶುರುಮಾಡಲು ಒಂದು ಅಂಕಿ ಕೊಡುತ್ತದೆ ಅಷ್ಟೆ. ಒಂದೊಂದು ನಾಯಿಯ ನಿಜವಾದ ಅಗತ್ಯ ಇದಕ್ಕಿಂತ ಸಾಕಷ್ಟು ಹೆಚ್ಚು ಕಡಿಮೆ ಇರುತ್ತದೆ. ಕೊನೆಯ ಮಾತು ಪಕ್ಕೆಲುಬಿನದು.

ಪಕ್ಕೆಲುಬು ನೋಡುವುದು ಕಣ್ಣಿನಿಂದಲ್ಲ, ಕೈಯಿಂದ. ಮುಷ್ಟಿ ಕಟ್ಟಿ ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ: ಪಕ್ಕೆ ಹಾಗೆ ತಾಗಿದರೆ ನಾಯಿ ತೀರಾ ತೆಳ್ಳಗೆ. ಮುಷ್ಟಿ ಬಿಚ್ಚಿ ಅಂಗೈ ಮೇಲೆ ಆಡಿಸಿ: ಹಾಗಿದ್ದರೆ ದಪ್ಪ. ಚಾಚಿದ ಕೈಯ ಹಿಂಭಾಗದ ಮೇಲೆ ಆಡಿಸಿದಾಗ ಎಲುಬು ತಿಳಿಯುತ್ತದಲ್ಲ, ಅದು ಸರಿ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಏರಿರಬೇಕು. ವೈದ್ಯರು ಇದನ್ನು 1ರಿಂದ 9ರವರೆಗಿನ ಅಂಕದಲ್ಲಿ ಬರೆಯುತ್ತಾರೆ. 4 ಅಥವಾ 5 ಇರಬೇಕು.

ಮುಧೋಳಕ್ಕೆ ಮಾತ್ರ ಈ ಕಣ್ಣನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಓಟಕ್ಕೆಂದೇ ಬೆಳೆಸಿದ ಬೇಟೆ ತಳಿ ಅದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೇ ಇದೆ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಅದರ ಲಕ್ಷಣ. ನಾನು ನೋಡುವುದು ತೊಡೆ ಮತ್ತು ಬೆನ್ನಿನ ಸ್ನಾಯು ತುಂಬಿಕೊಂಡಿದೆಯೇ ಎಂದು. ಬೀದಿಯವರಿಗೆ ಇದನ್ನು ವಿವರಿಸುವುದು ಕಷ್ಟ. “ಏನ್ರೀ ಅಕ್ಕಾರ, ಆ ಹೆಣ್ ನಾಯಿ ನೋಡ್ರಿ ಹೆಂಗ್ ಗುಂಡಗ ಚಂದ ಐತಿ, ಇದಕ್ಕ ಊಟಾನ ಹಾಕೂದಿಲ್ಲೇನ್ರಿ?” ಎಂದು ಎದುರುಮನೆಯವರು ಕೇಳಿದ್ದುಂಟು. ಆಗ ಗುಂಡಗಿದ್ದ ಚಿನ್ನಿಗೆ ಮೆಟ್ಟಿಲು ಹತ್ತಲು ಏದುಸಿರು ಬರುತ್ತಿತ್ತು.

ಚಿನ್ನಿ ನಮ್ಮ ಮನೆಗೆ ಬಂದದ್ದೇ 31 ಕೆಜಿಯಾಗಿ. ವರ್ಗವಾಗಿ ದೂರದ ಊರಿಗೆ ಹೊರಟ ಪರಿಚಯದವರು ಬಿಟ್ಟುಹೋದ ನಾಯಿ. ಅವಳ ಹಸಿವಿಗೆ ಕೊನೆಯೇ ಇಲ್ಲ, ಅದು ಅವಳ ತಪ್ಪೂ ಅಲ್ಲ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ತುಣುಕೊಂದು ಕಳೆದುಹೋಗಿರುತ್ತದೆ ಎಂದು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅಂಥ ನಾಯಿಗೆ ಎರಡು ಊಟದ ನಡುವೆ ಬೇಗ ಹಸಿಯುತ್ತದೆ, ಸುಮ್ಮನಿದ್ದಾಗ ಶಕ್ತಿ ಖರ್ಚಾಗುವುದೂ ಕಡಿಮೆ. ಚಿನ್ನಿಯನ್ನು ಪರೀಕ್ಷೆ ಮಾಡಿಸಿಲ್ಲ. ಆದರೆ ಬಟ್ಟಲು ನೆಕ್ಕಿ ಮತ್ತೆ ನೋಡುವ ಆ ಕಣ್ಣನ್ನು ನಂಬಿ ಊಟ ಹಾಕಬಾರದು ಎಂದು ತೀರ್ಮಾನಿಸಲು ಅಷ್ಟು ತಿಳಿದರೆ ಸಾಕಾಯಿತು.

ತೂಕ ಇಳಿಸುವಾಗ ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಬೇಕು, 1.3ರಂಥ ಗುಣಾಕಾರವಿಲ್ಲದೆ: 25 ಕೆಜಿಗೆ 783. ಮಾಮೂಲಿ ಆಹಾರವನ್ನೇ ಅಷ್ಟಕ್ಕೆ ಇಳಿಸಿದರೆ ಪ್ರೋಟೀನು, ಖನಿಜಗಳೂ ಕಡಿಮೆ ಬೀಳುತ್ತವೆ ಎಂದು ಡಾಕ್ಟರು ಹೇಳಿದ್ದರಿಂದ ಆ ಅವಧಿಗೆ ತೂಕ ಇಳಿಸುವವರಿಗೆಂದೇ ಬರುವ ಆಹಾರ ತಂದೆವು. ಅದರಲ್ಲಿ 100 ಗ್ರಾಂಗೆ 300 ಕಿಲೋಕ್ಯಾಲರಿ, ನಾರು ಹೆಚ್ಚು. ದಿನಕ್ಕೆ 260 ಗ್ರಾಂ. ವಾರಕ್ಕೆ ಮೈತೂಕದ 1ರಿಂದ 2 ಪ್ರತಿಶತ ಇಳಿದರೆ ಸಾಕು, ಅವಸರ ಬೇಡ. ತೂಗಲು ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಪಕ್ಕದ ಓಣಿಯ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲ ತೂಗುವ ಹಲಗೆಯಿದೆ. ಅದರ ಮೇಲೆ ಕೂರು ಎಂದರೆ ಚಿನ್ನಿ ಕೂರುತ್ತಾಳೆ, ಗಿರಣಿಯವರಿಗೂ ಮೋಜು.

ಕಾಳನ್ನು ಅಳೆಯುವುದು ಡಿಜಿಟಲ್ ತಕ್ಕಡಿಯಲ್ಲಿ. ಲೋಟ, ಮುಷ್ಟಿ, ಕಂಪನಿ ಕೊಡುವ ಕಪ್ಪು ಯಾವುದೂ ನಂಬಿಕೆಗೆ ಬರುವುದಿಲ್ಲ. ಅದೇ ಕಪ್ಪನ್ನು ನಾನು ತುಂಬಿದಾಗ ಒಂದು ತೂಕ, ನನ್ನ ಮಗ ತುಂಬಿದಾಗ ಇನ್ನೊಂದು. ರಾತ್ರಿಯೇ ಮರುದಿನದ್ದನ್ನು ತೂಗಿ ಇಬ್ಬರ ಹೆಸರಿನ ಡಬ್ಬಿಗೆ ಹಾಕಿಟ್ಟುಬಿಡುತ್ತೇನೆ. ಆ ಡಬ್ಬಿ ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಯಾರು ಯಾವಾಗ ಹಾಕಿದರು ಎಂಬ ವಾದ ನಿಂತುಹೋಯಿತು. ಎರಡು ಹೊತ್ತು ಹಂಚಿ ಕೊಡುತ್ತೇವೆ. ಬಾಣನಂಥ ಆಳವಾದ ಎದೆಯ ನಾಯಿಗೆ ಒಂದೇ ಸಲ ದೊಡ್ಡ ಊಟ ಹಾಕಿ ಓಡಲು ಬಿಟ್ಟರೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ, ಅದು ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ.

ನಿಜವಾದ ಕಾದಾಟ ನಡೆದದ್ದು ಬಿಸ್ಕತ್ತಿನ ಮೇಲೆ. ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ 20 ಕಿಲೋಕ್ಯಾಲರಿ ಹಿಡಿಯಿರಿ. ಚಹಾದ ಹೊತ್ತಿಗೆ ಮಾವನವರಿಂದ ಎರಡು, ಅತ್ತೆಯವರಿಂದ ಎರಡು, ರಾತ್ರಿ ಉಳಿದ ಅರ್ಧ ರೊಟ್ಟಿ. ಚಿನ್ನಿಯ ಪಾಲಿನ ಏಳರಲ್ಲೊಂದು ಭಾಗ ಅಲ್ಲೇ ಮುಗಿಯಿತು. ಮೇಲುಣಿಸು ಒಟ್ಟು ಕ್ಯಾಲರಿಯ ಹತ್ತರಲ್ಲೊಂದು ಮೀರಬಾರದು ಎನ್ನುತ್ತಾರೆ. “ಒಂದ್ ತುತ್ತಿಗೆ ಏನಾಗ್ತದವಾ, ಬಾಯಿಲ್ಲದ ಪ್ರಾಣಿ” ಎನ್ನುವ ಅತ್ತೆಯವರಿಗೆ ಲೆಕ್ಕ ಹೇಳಿ ಉಪಯೋಗವಿಲ್ಲ. ಅವಳ ಡಬ್ಬಿಯಿಂದಲೇ ಒಂದು ಹಿಡಿ ಕಾಳು ತೆಗೆದು ಸಣ್ಣ ಬಟ್ಟಲಲ್ಲಿ ಅವರ ಕುರ್ಚಿಯ ಪಕ್ಕ ಇಟ್ಟೆ. ಕೈಯಿಂದ ತಿನ್ನಿಸುವ ಸಂತೋಷ ಅವರಿಗೆ ಉಳಿಯಿತು, ಅಳತೆ ನನಗೆ ಉಳಿಯಿತು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾರ ಕೈಯಿಂದಲೂ ಇಲ್ಲ.

ಇಷ್ಟೊಂದು ಜಿಪುಣತನ ಯಾಕೆ ಎಂದರೆ, 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಗಿದೆ. ಜೊತೆಯವುಗಳಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು 13 ವರ್ಷ ಬದುಕಿದವು, ಉಳಿದವು 11.2. ಕೀಲುನೋವೂ ಅವುಗಳಿಗೆ ತಡವಾಗಿ ಬಂತು. ಹೆಚ್ಚು ಕಡಿಮೆ ಎರಡು ವರ್ಷ! ಬೇರಾವ ಟಾನಿಕ್ಕೂ ಅಷ್ಟು ಕೊಡುವುದನ್ನು ನಾನು ಕೇಳಿಲ್ಲ.

ದೊಡ್ಡ ತಳಿಯ ಮರಿ ಇರುವವರಿಗೆ ಒಂದು ಮಾತು. ಮರಿಗೆಂದೇ ಇರುವ ಪೂರ್ಣ ಆಹಾರ ಕೊಡುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ, ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ. ಆ ಮರಿಗಳ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿಯಿಲ್ಲ, ಎಲುಬೇ ಸೊಟ್ಟಗೆ ಬೆಳೆಯಬಹುದು.

ಈಗ ಎರಡು ವಾರಕ್ಕೊಮ್ಮೆ ಪಕ್ಕೆ ಮುಟ್ಟಿ ನೋಡುತ್ತೇನೆ, ತಿಂಗಳಿಗೊಮ್ಮೆ ಗಿರಣಿಗೆ ಒಯ್ಯುತ್ತೇನೆ. ಧಾರವಾಡದ ಮಳೆ ಹಿಡಿದು ಓಟ ನಿಂತಾಗ ಬಾಣನ 400 ಗ್ರಾಂ 360ಕ್ಕೆ ಇಳಿಯುತ್ತದೆ, ದಸರೆಯ ಹೊತ್ತಿಗೆ ಮತ್ತೆ ಏರುತ್ತದೆ. ಬದಲಿಸುವುದು ಒಮ್ಮೆಗೆ ಹತ್ತರಲ್ಲೊಂದು ಭಾಗ, ಆಮೇಲೆ ಎರಡು ವಾರ ಕಾಯುವುದು. ಅಳತೆಯೂ ಓಡಾಟವೂ ಮೊದಲಿನಂತೆಯೇ ಇದ್ದು ತೂಕ ಮಾತ್ರ ಏರಿದರೆ ಅಥವಾ ಇಳಿದರೆ ಅದು ಚೀಲದ ವಿಷಯವಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಜಂತುಹುಳು, ಏನೂ ಇರಬಹುದು. ಆಗ ಹೊಸ ಬ್ರ್ಯಾಂಡ್ ಹುಡುಕದೆ ಮಲ, ರಕ್ತ ಪರೀಕ್ಷೆಗೆ ಕೊಡಬೇಕು.